ಹಳೆಯ ಲಾನ್ ಟ್ರ್ಯಾಕ್ಟರಿನ ಇಂಧನ ದೋಷ: ಮನೆಗೆ ಬಂದು ದುರಸ್ತಿ ಮಾಡುವ ಸೇವೆಯೊಂದರ ವಿಮರ್ಶೆ

ಒಹಾಯೋದ ನಮ್ಮ ಊರಿನಲ್ಲಿ ಸಣ್ಣ ಎಂಜಿನ್‌ಗಳನ್ನು ಮನೆಗೇ ಬಂದು ದುರಸ್ತಿ ಮಾಡುವ ಸೇವೆಯೊಂದಿದೆ. ಈ ವಸಂತದಲ್ಲಿ ಅವರಿಗೆ ಹುಲ್ಲು ಕತ್ತರಿಸುವ ನಮ್ಮ ಹಳೆಯ ಲಾನ್ ಟ್ರ್ಯಾಕ್ಟರನ್ನು ತೋರಿಸಿದೆವು. ಬ್ರಿಗ್ಸ್ ಆ್ಯಂಡ್ ಸ್ಟ್ರಾಟನ್ನಿನ 17.5 ಅಶ್ವಶಕ್ತಿಯ ಅದರ ಒಂಟಿ ಸಿಲಿಂಡರ್ ಎಂಜಿನ್, ಗಾಳಿಯನ್ನು ತಗ್ಗಿಸಿ ಪೆಟ್ರೋಲಿನ ಪಾಲು ಹೆಚ್ಚಿಸುವ ಚೋಕ್ ಎಳೆದಿದ್ದಾಗ ಮಾತ್ರ ಓಡುತ್ತಿತ್ತು. ಚೋಕ್ ತೆಗೆದೊಡನೆ ವೇಗ ಏರಿಳಿಯುತ್ತಿತ್ತು, ಬ್ಲೇಡ್ ಹಾಕಿದರೆ ನಿಂತೇಹೋಗುತ್ತಿತ್ತು. ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸೇರುತ್ತಿಲ್ಲವೆಂಬುದು ಸ್ಪಷ್ಟವಿತ್ತು. ತಡೆ ಎಲ್ಲಿದೆಯೆಂಬುದನ್ನು ಹುಡುಕಬೇಕಿತ್ತು.

ಬೇರೊಂದು ಅಂಗಡಿಯವರು ಯಂತ್ರವನ್ನು ನೋಡದೆಯೇ, ಫೋನಿನಲ್ಲಿ, ಗಾಳಿ ಮತ್ತು ಪೆಟ್ರೋಲನ್ನು ಬೆರೆಸುವ ಕಾರ್ಬ್ಯುರೇಟರನ್ನೇ ಬದಲಿಸಬೇಕೆಂದು ತೀರ್ಪು ಕೊಟ್ಟಿದ್ದರು. ಇಲ್ಲಿ ಬಂದ ಮೆಕ್ಯಾನಿಕ್ ಟ್ಯಾಂಕಿನಿಂದ ಆರಂಭಿಸಿದರು. ಮುಚ್ಚಳ ಸಡಿಲಿಸಿ ಓಡಿಸಿದರೂ ವ್ಯತ್ಯಾಸ ಕಾಣದ್ದರಿಂದ ಅದರ ಗಾಳಿರಂಧ್ರ ಕಟ್ಟಿಲ್ಲವೆಂದು ತಿಳಿಯಿತು. ಬಳಿಕ ಕಾರ್ಬ್ಯುರೇಟರಿಗೆ ಹೋಗುವ ಪೈಪನ್ನು ಕಳಚಿ ಬಾಟಲಿಗೆ ಇಳಿಬಿಟ್ಟು ಎಂಜಿನ್ ತಿರುಗಿಸಿದಾಗ, ಚಿಮ್ಮಿ ಬರಬೇಕಾದ ಪೆಟ್ರೋಲ್ ತೊಟ್ಟಿಕ್ಕಿತು. ಸೀಟಿನ ಕೆಳಗಿನ ಟ್ಯಾಂಕಿನಿಂದ ಇಂಧನವನ್ನು ಮೇಲೆತ್ತುವ ಪಂಪ್ ಕ್ರ್ಯಾಂಕ್‌ಕೇಸಿನ, ಅಂದರೆ ಎಂಜಿನ್ನಿನ ಕೆಳಗವಚದೊಳಗಿನ, ಒತ್ತಡದ ಏರಿಳಿತದಿಂದಲೇ ನಡೆಯುತ್ತದೆ. ಆ ಒತ್ತಡವನ್ನು ಪಂಪಿಗೆ ಮುಟ್ಟಿಸುವ ರಬ್ಬರ್ ಪೈಪ್ ಒಣಗಿ ಬಿರುಕು ಬಿಟ್ಟಿತ್ತು. ಬರಿಗಣ್ಣಿಗೆ ಬೀಳದ ಆ ಸಣ್ಣ ಬಿರುಕನ್ನು ಅವರು ಪೈಪನ್ನು ಬಾಗಿಸಿ ತೋರಿಸಿದರು.

ಅಷ್ಟಕ್ಕೇ ನಿಲ್ಲಿಸದೆ ಕಾರ್ಬ್ಯುರೇಟರಿನ ಬಟ್ಟಲನ್ನೂ ಇಳಿಸಿದರು. ತಳದಲ್ಲಿ ನೀರಿನ ಹನಿಗಳೂ ಅಂಟು ಗಸಿಯೂ ಇದ್ದವು. ಇಲ್ಲಿನ ಸಾಮಾನ್ಯ ಪೆಟ್ರೋಲಿನಲ್ಲಿ ಶೇ. 10ರವರೆಗೆ ಇರುವ ಎಥನಾಲ್ ತೇವವನ್ನು ಹೀರುತ್ತದೆ. ತೇವ ಮಿತಿಮೀರಿದಾಗ ಎರಡೂ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಚಳಿಗಾಲವಿಡೀ ಟ್ಯಾಂಕಿನಲ್ಲಿ ಪೆಟ್ರೋಲ್ ಉಳಿಸಿಕೊಂಡ ಯಂತ್ರಗಳಲ್ಲಿ ಇದು ಅಪರೂಪವೇನಲ್ಲ. ಪೆಟ್ರೋಲನ್ನು ಅಳೆದು ಬಿಡುವ ಜೆಟ್‌ಗಳ ಸೂಕ್ಷ್ಮ ರಂಧ್ರಗಳನ್ನು ತಂತಿಯಿಂದ ಚುಚ್ಚಿದರೆ ಅಳತೆ ಕೆಡುತ್ತದೆಂದು, ಕ್ಲೀನರ್ ಸ್ಪ್ರೇ ಮತ್ತು ಒತ್ತಡದ ಗಾಳಿಯಿಂದಲೇ ಶುಚಿಗೊಳಿಸಿದರು. ಈ ಸಂಯಮಕ್ಕಾಗಿಯೇ ನಾನು ಅವರಿಗೆ ಹೆಚ್ಚು ಅಂಕ ಕೊಡುತ್ತೇನೆ. ಕೀಲಿ ತಿರುಗಿಸಿದಾಗ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲಿನ ದಾರಿ ತೆರೆಯುವ ವಿದ್ಯುತ್ ಕವಾಟ, ಸೊಲೆನಾಯ್ಡ್, ‘ಟಕ್’ ಎನ್ನುವುದನ್ನು ಕೇಳಿಸಿಕೊಂಡರು. ಬಟ್ಟಲು ತುಂಬಿದಾಗ ಪೆಟ್ರೋಲನ್ನು ತಡೆಯುವ ಫ್ಲೋಟಿನ ಸೂಜಿ ಸೋರಿ ಪೆಟ್ರೋಲ್ ಎಂಜಿನ್ ಆಯಿಲ್ಲಿಗೆ ಸೇರಿದೆಯೇ ಎಂದು ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಮೂಸಿ ನೋಡಿದರು, ಸೇರಿರಲಿಲ್ಲ.

ಕೊರತೆಗಳೂ ಇವೆ. ಮನೆಗೆ ಬರುವುದಕ್ಕೇ ಪ್ರತ್ಯೇಕ ಶುಲ್ಕವಿದೆಯೆಂದು ಮೊದಲೇ ತಿಳಿಸಲಿಲ್ಲ. ಬಿಲ್ಲಿನಲ್ಲಿ ಬಿಡಿಭಾಗಗಳನ್ನೂ ಕೂಲಿಯನ್ನೂ ಒಟ್ಟಾಗಿ ಬರೆದಿದ್ದರು. ಕೇಳಿದ ಮೇಲಷ್ಟೇ ಬಿಡಿಸಿ ಕೊಟ್ಟರು. ಫಿಲ್ಟರನ್ನು ನಮ್ಮನ್ನು ಕೇಳದೆಯೇ ಬದಲಿಸಿದ್ದರು, ಆದರೆ ಅದು ಹೇಗೂ ಬದಲಾಗಬೇಕಿತ್ತು. ಇಷ್ಟಾಗಿಯೂ ಒಟ್ಟು ಖರ್ಚು ಹೊಸ ಕಾರ್ಬ್ಯುರೇಟರ್ ಹಾಕಿಸುವುದಕ್ಕೆ ಆ ಅಂಗಡಿಯವರು ಹೇಳಿದ್ದಕ್ಕಿಂತ ಕಡಿಮೆಯೇ ಆಯಿತು. ಏಪ್ರಿಲಿನಲ್ಲಿ ಹುಲ್ಲು ಏಳುವ ಹೊತ್ತಿಗೆ ಇವರ ಸರದಿ ಸಿಗುವುದು ಕಷ್ಟ. ಬೇಕಾದವರು ಮಾರ್ಚ್‌ನಲ್ಲೇ ಹೇಳಿಡುವುದು ಒಳಿತು.