ಯಂತ್ರ ಅಗ್ಗ, ಸ್ಟ್ರಿಪ್ ದುಬಾರಿ: ನಮ್ಮ ಮನೆಯ ಗ್ಲುಕೋಮೀಟರ್

ಮನೆಯಲ್ಲೇ ರಕ್ತದ ಸಕ್ಕರೆ ಅಳೆಯುವ ಗ್ಲುಕೋಮೀಟರ್ ಕೊಳ್ಳುವವರು ಯಂತ್ರದ ಬೆಲೆ ನೋಡಬೇಡಿ, ಪ್ರತಿ ಸಲ ರಕ್ತದ ಹನಿ ತಾಗಿಸಿ ಎಸೆಯುವ ಸ್ಟ್ರಿಪ್ಪಿನ ಡಬ್ಬಿಯ ಬೆಲೆ ಕೇಳಿ. ಯಂತ್ರವನ್ನು ಪುಕ್ಕಟೆ ಎನ್ನುವಂತೆ ಕೈಗಿಟ್ಟು, ಆಮೇಲೆ ಸ್ಟ್ರಿಪ್ಪಿನಲ್ಲಿ ವಸೂಲು ಮಾಡುತ್ತಾರೆ. ಒಂದರ ಸ್ಟ್ರಿಪ್ ಇನ್ನೊಂದಕ್ಕೆ ಆಗುವುದಿಲ್ಲ. ಒಮ್ಮೆ ಕೊಂಡಿರೋ, ಜುಟ್ಟು ಅವರ ಕೈಯಲ್ಲಿ. ಪಿಂಚಣಿಯಲ್ಲಿ ಬದುಕುವ ನನಗೆ ರಕ್ತ ಸಾಲದೆ ‘ಎರರ್’ ಬಂದಾಗಲೆಲ್ಲ ಸುಮಾರು 20 ರೂಪಾಯಿ ಮಣ್ಣುಪಾಲಾದ ಸಂಕಟ.

ಹಾಗಾಗಿ ನನ್ನ ಪರೀಕ್ಷೆ ವಾರಕ್ಕೆರಡೇ ಸಲ, ಆದರೆ ಶಾಸ್ತ್ರೋಕ್ತ. ಕಾಫಿಗೆ ಮೊದಲು ಬರಿ ಹೊಟ್ಟೆಯಲ್ಲಿ ಸೋಪು ಹಾಕಿ ಕೈ ತೊಳೆದು, ತೇವ ಉಳಿಯದಂತೆ ಒರೆಸಿಕೊಳ್ಳುತ್ತೇನೆ. ಉಂಗುರದ ಬೆರಳಿನ ತುದಿಯಲ್ಲಿ ನಡುವೆ ಚುಚ್ಚದೆ ಪಕ್ಕಕ್ಕೆ ಚುಚ್ಚಿದರೆ ನೋವು ಕಡಿಮೆ. ಕೈಯನ್ನು ಸ್ವಲ್ಪ ಹೊತ್ತು ಇಳಿಬಿಟ್ಟು, ಬೆರಳಿನ ಬುಡದಿಂದ ಮೆಲ್ಲಗೆ ನೀವಿದರೆ ಸಾಸಿವೆ ಕಾಳಿನಷ್ಟು ಹನಿ ಬಂದು ನಿಲ್ಲುತ್ತದೆ. ಸ್ಟ್ರಿಪ್ಪಿನ ಅಂಚು ತಾಗಿಸಿದ ಕೂಡಲೇ ಅದು ತಾನೇ ಹೀರಿಕೊಳ್ಳುತ್ತದೆ. ಹಿಸುಕಿ ಹಿಸುಕಿ ರಕ್ತ ತೆಗೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಕೈ ತೊಳೆಯುವುದನ್ನು ಹಗುರವಾಗಿ ಕಾಣಬೇಡಿ. ಮಂಡ್ಯದ ಪಕ್ಕದ ಹಳ್ಳಿಯಲ್ಲಿ ಆಲೆಮನೆ ನಡೆಸುವ ನನ್ನ ಭಾವಮೈದುನನಿಗೂ ಶುಗರ್ ಇದೆ. ಒಂದು ದಿನ ಗಾಬರಿಯಿಂದ ಫೋನ್ ಮಾಡಿದ.

“ಭಾವ, 340 ತೋರಿಸುತ್ತಿದೆ! ಬೆಲ್ಲದ ಚೂರನ್ನೂ ಬಾಯಿಗೆ ಹಾಕಿಲ್ಲ.”

“ಕೈ ತೊಳೆದೆಯಾ?”

“ಇಲ್ಲ, ಈಗಷ್ಟೇ ಅಚ್ಚು ಬಿಡಿಸಿ ಬಂದೆ.”

ತೊಳೆದು ಮತ್ತೆ ನೋಡಿದಾಗ 168. ಬಾಯಿಗೆ ಹೋಗದ ಬೆಲ್ಲ ಬೆರಳಿನಲ್ಲಿತ್ತು.

ಇಷ್ಟೆಲ್ಲ ಬೈದರೂ ಯಂತ್ರದ ಮೇಲಿನ ನನ್ನ ಸಿಟ್ಟು ಇಳಿದದ್ದು ಮುದ್ದೆಯ ಕಾರಣಕ್ಕೆ. ರಾಗಿ ಉಂಡರೆ ಸಕ್ಕರೆ ಏರುವುದೇ ಇಲ್ಲವೆಂದು ನಮ್ಮ ಕಡೆ ಎಲ್ಲರೂ ಪ್ರಮಾಣ ಮಾಡಿ ಹೇಳುತ್ತಾರೆ. ಊಟವಾದ ಎರಡು ಗಂಟೆಗೆ 180 ದಾಟಬಾರದೆಂದು ವೈದ್ಯರು ನನಗೆ ಗೆರೆ ಹಾಕಿದ್ದರು. ಎರಡು ದೊಡ್ಡ ಮುದ್ದೆಯನ್ನು ತಿಳಿಸಾರಿನಲ್ಲಿ ನುಂಗಿದ ದಿನ 220 ಬಂತು. ಅದೇ ಸಣ್ಣದೊಂದು ಮುದ್ದೆ, ಹುರುಳಿಕಾಳಿನ ಬಸ್ಸಾರು, ತಟ್ಟೆಯ ಅರ್ಧದಷ್ಟು ಸೊಪ್ಪಿನ ಪಲ್ಯ, ಆಮೇಲೆ ನಾಲೆಯ ಏರಿಯ ಮೇಲೆ ಒಂದು ಸುತ್ತು, 160ರ ಆಸುಪಾಸು. ನನ್ನ ಮೈಯ ಲೆಕ್ಕ ಇದು, ನಿಮ್ಮದು ಬೇರೆ ಇದ್ದೀತು. ಯಾರ ಉಪದೇಶಕ್ಕೂ ಜಗ್ಗದ ನನ್ನ ಹೆಂಡತಿ ಆ ಎರಡು ಅಂಕಿ ನೋಡಿದ ಮೇಲೆ ಮುದ್ದೆಯ ಗಾತ್ರ ಇಳಿಸಿದಳು. ಮುದ್ದೆ ಬಿಟ್ಟು ಚಪಾತಿ ತಿನ್ನುವ ಶಿಕ್ಷೆ ತಪ್ಪಿತಲ್ಲ, ಅದಕ್ಕೇ ಯಂತ್ರಕ್ಕೆ ಕೊಟ್ಟ ಹಣ ಸಂದಿತು.

ಬೆನ್ನುಬೆನ್ನಿಗೆ ಚುಚ್ಚಿಕೊಂಡು, ಒಮ್ಮೆ 160 ಇನ್ನೊಮ್ಮೆ 172 ಬಂತೆಂದು ಅಂಗಡಿಯವರೊಂದಿಗೆ ಜಗಳಕ್ಕೆ ನಿಲ್ಲಬೇಡಿ. 2013ರ ಐಎಸ್‌ಒ 15197 ಎಂಬ, ಇಂಥ ಯಂತ್ರಗಳ ನಿಖರತೆಯ ಅಂತರರಾಷ್ಟ್ರೀಯ ಮಾನದಂಡವೇ 100ರ ಮೇಲಿನ ಅಂಕಿಗಳಲ್ಲಿ ಶೇ. 15ರಷ್ಟು ಏರುಪೇರನ್ನು ಒಪ್ಪುತ್ತದೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿಗೆ ಪ್ರಯೋಗಾಲಯಕ್ಕೇ ಹೋಗಬೇಕು. ನನ್ನದು 8.4ರಿಂದ 7.1ಕ್ಕೆ ಇಳಿದಿದೆ, ಮಾತ್ರೆಯ ಪಾಲೆಷ್ಟು, ಮುದ್ದೆಯ ಪಾಲೆಷ್ಟು ಎಂದು ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಡಬ್ಬಿಯ ಮುಚ್ಚಳ ಸಡಿಲ ಬಿಟ್ಟರೆ ತೇವಾಂಶಕ್ಕೆ ಸ್ಟ್ರಿಪ್ ಕೆಡುತ್ತದೆ. ತೆರೆದ ದಿನಾಂಕವನ್ನು ಡಬ್ಬಿಯ ಮೇಲೆ ಬರೆದಿಡಿ; ನನ್ನದರಲ್ಲಿ ತೆರೆದ ಮೂರು ತಿಂಗಳೊಳಗೆ ಮುಗಿಸಿ ಎಂದಿದೆ. ಬಿಡಿ ಲೆಕ್ಕದಲ್ಲಿ 50 ಸ್ಟ್ರಿಪ್ಪಿನ ಡಬ್ಬಿಯೇ ಅಗ್ಗ. ಆದರೆ ವಾರಕ್ಕೆರಡು ಸಲ ಚುಚ್ಚಿಕೊಳ್ಳುವವನು ಅದನ್ನು ಕೊಂಡರೆ ಅರ್ಧ ಕಸದ ಬುಟ್ಟಿಗೆ. ನಾನು 25ರದ್ದನ್ನೇ ತರುತ್ತೇನೆ.