ಟ್ಯಾಂಕ್ ಕ್ಲೀನ್ ಆಗಿದೆ ಅಂದರೆ ನಂಬಬೇಡಿ, ಮುಚ್ಚಳ ತೆಗೆಸಿ ನೋಡಿ

ಹಾಯಿದೋಣಿಯನ್ನು ದೂರದ ಸಮುದ್ರಯಾನಕ್ಕೆ ಸಜ್ಜು ಮಾಡುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹೊರಡುವ ಮುಂಚೆ ನಮ್ಮ ದೋಣಿಯ ಡೀಸೆಲ್ ಟ್ಯಾಂಕನ್ನು ದೋಣಿ ರಿಪೇರಿ ಮಾಡುವ ಒಂದು ಯಾರ್ಡ್‌ನಲ್ಲಿ ಕ್ಲೀನ್ ಮಾಡಿಸಲಾಗಿತ್ತು, ಬಿಲ್ಲಿನಲ್ಲೂ ಹಾಗೇ ಬರೆದಿತ್ತು. ಬಂದರಿನೊಳಗೆ ಇಂಜಿನ್ ಚೆನ್ನಾಗಿಯೇ ಓಡಿತು. ತೀರ ದೂರವಾಗಿ ಅಲೆ ಎದ್ದ ಮೇಲೆ ಮೊದಲು ಆರ್‌ಪಿಎಂ ಏರಿಳಿಯತೊಡಗಿತು, ಆಮೇಲೆ ಇಂಜಿನ್ ನಿಂತೇಹೋಯಿತು. ಹೊಸ ಫಿಲ್ಟರ್ ಹಾಕಿದರೆ ಅದೂ ಸ್ವಲ್ಪ ಹೊತ್ತಿಗೇ ಕಟ್ಟಿಕೊಂಡಿತು. ಕೊನೆಗೆ ಟ್ಯಾಂಕ್ ಬಿಚ್ಚಿದಾಗ ಕಾರಣ ತಿಳಿಯಿತು. ಡೀಸೆಲ್ ತುಂಬುವ ಬಾಯಿಯಿಂದ ಪೈಪ್ ಇಳಿಸಿ, ಕೈಗೆ ಸಿಕ್ಕಷ್ಟು ಹೀರಿ ತೆಗೆದಿದ್ದರು, ಅಷ್ಟೆ. ಟ್ಯಾಂಕಿನ ಒಳಗೆ ನೋಡಲೆಂದೇ ಇರುವ ಇನ್‌ಸ್ಪೆಕ್ಷನ್ ಮುಚ್ಚಳದ ಬೋಲ್ಟುಗಳ ಮೇಲಿನ ಹಳೇ ಬಣ್ಣ ಎಲ್ಲೂ ಬಿರಿದಿರಲಿಲ್ಲ. ಅಂದರೆ ಸ್ಪ್ಯಾನರ್ ಅಲ್ಲಿಗೆ ಹೋಗಿಯೇ ಇರಲಿಲ್ಲ.

ಹೀರಿದರೆ ಯಾಕೆ ಸಾಲದು? ದೋಣಿ ಹೊಯ್ದಾಡುವಾಗ ಡೀಸೆಲ್ ಒಮ್ಮೆಲೇ ಒಂದು ಕಡೆಗೆ ನುಗ್ಗದಿರಲೆಂದು ಟ್ಯಾಂಕಿನೊಳಗೆ ಅಡ್ಡತಟ್ಟೆಗಳಿರುತ್ತವೆ. ಮೇಲಿಂದ ಇಳಿಸಿದ ಪೈಪ್ ಒಂದೇ ಕೋಣೆ ಮುಟ್ಟುತ್ತದೆ, ಉಳಿದ ಕೋಣೆಗಳ ಗಸಿ ಅಲ್ಲೇ ಇರುತ್ತದೆ. ನೀರು ಡೀಸೆಲ್‌ಗಿಂತ ಭಾರ, ತಳಕ್ಕೆ ಇಳಿಯುತ್ತದೆ. ನೀರು ಮತ್ತು ಡೀಸೆಲ್ ಕೂಡುವ ಮಟ್ಟದಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರ ಬೆಳೆದು ಕಪ್ಪು ಲೋಳೆಯಾಗಿ ಗೋಡೆಗೆ ಅಂಟಿಕೊಳ್ಳುತ್ತವೆ. ನಿಂತ ದೋಣಿಯಲ್ಲಿ ಇದರ ಸುಳಿವೇ ಸಿಗದು. ಅಲೆಗೆ ಸಿಕ್ಕಾಗಲೇ ಎಲ್ಲ ಕದಡಿ ಒಟ್ಟಿಗೆ ಫಿಲ್ಟರ್‌ಗೆ ಬರುತ್ತದೆ, ಅದೂ ಇಂಜಿನ್ ಬೇಕೇ ಬೇಕಾದ ಹೊತ್ತಿನಲ್ಲಿ.

ಹಾಗಾಗಿ ಪ್ರತಿ ಕೋಣೆಗೂ ಕೈ ಹೋಗುವಷ್ಟು ಮುಚ್ಚಳ ಇದೆಯೇ ನೋಡಿ, ಇಲ್ಲದಿದ್ದರೆ ಮಾಡಿಸಿ. ಡೀಸೆಲ್ ಪೂರ್ತಿ ತೆಗೆದು, ಗೋಡೆ ಉಜ್ಜಿ, ದಾರ ಬಿಡದ ಬಟ್ಟೆಯಿಂದ ಒರೆಸಬೇಕು. ಟ್ಯಾಂಕಿನಿಂದ ಇಂಜಿನ್‌ಗೆ ಡೀಸೆಲ್ ಹೀರುವ ಕೊಳವೆಯ ತುದಿಯಲ್ಲಿ ಸಣ್ಣ ಜಾಲರಿ ಇದ್ದರೆ ತೆಗೆದುಬಿಡಿ. ಸಮುದ್ರದ ಮಧ್ಯೆ ಅದು ಕಟ್ಟಿಕೊಂಡರೆ ಕೈಗೆಟುಕುವುದಿಲ್ಲ, ಆ ಕೆಲಸ ಮಾಡಲು ಫಿಲ್ಟರ್ ಇದ್ದೇ ಇದೆ. ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನೂ ಹುಡುಕಿ. ಡೆಕ್ ಮೇಲಿನ ಡೀಸೆಲ್ ಮುಚ್ಚಳದ ಓ-ರಿಂಗ್ (ನೀರು ತಡೆಯುವ ರಬ್ಬರ್ ಉಂಗುರ) ಒಣಗಿ ಬಿರಿದಿರುವುದು ತುಂಬ ಸಾಮಾನ್ಯ. ಟ್ಯಾಂಕಿನ ಗಾಳಿಕೊಳವೆಯ ಬಾಯಿ ಕೆಳಗಿದ್ದರೆ ಅಲೆಯ ನೀರು ನೇರ ಒಳಗೆ ಹೋಗುತ್ತದೆ. ಅದನ್ನು ಎತ್ತರಕ್ಕೆ ಒಯ್ಯಿರಿ.

ಹೊರಡುವ ಹಿಂದಿನ ದಿನ ಬಯೋಸೈಡ್ (ಆ ಬ್ಯಾಕ್ಟೀರಿಯಾ, ಶಿಲೀಂಧ್ರ ಕೊಲ್ಲುವ ಔಷಧಿ) ಸುರಿದು ನಿಶ್ಚಿಂತರಾಗುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ! ಸತ್ತ ಲೋಳೆ ಪದರ ಪದರವಾಗಿ ಕಳಚಿ ಫಿಲ್ಟರ್‌ಗಳನ್ನು ಒಂದೇ ಸಲಕ್ಕೆ ಮುಚ್ಚುತ್ತದೆ. ಔಷಧಿ ಹಾಕುವುದಿದ್ದರೆ ವಾರಗಳ ಮುಂಚೆ, ಬಂದರಿನಲ್ಲಿ, ಟ್ಯಾಂಕ್ ತೊಳೆಯುವ ಮೊದಲೇ ಹಾಕಿ.

ಟ್ಯಾಂಕಿನಿಂದ ಬರುವ ಡೀಸೆಲ್ ಮೊದಲು ಹಾಯುವ ಪ್ರೈಮರಿ ಫಿಲ್ಟರ್ ಎರಡಿರಲಿ, ನಡುವೆ ಬದಲಾಯಿಸುವ ವಾಲ್ವ್ ಇರಲಿ. ಒಂದು ಕಟ್ಟಿಕೊಂಡರೆ ಇನ್ನೊಂದಕ್ಕೆ ತಿರುಗಿಸಿ, ಇಂಜಿನ್ ನಿಲ್ಲಿಸದೆಯೇ ಮುಂದುವರಿಯಬಹುದು. ಇಲ್ಲಿ 10 ಅಥವಾ 30 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ರಂಧ್ರದ ಫಿಲ್ಟರ್ ಸಾಕು. 2 ಮೈಕ್ರಾನ್ ಹಾಕಿದರೆ ಗಸಿಯ ಭಾರವೆಲ್ಲ ಅದರ ಮೇಲೇ ಬಿದ್ದು ಬೇಗ ಮುಚ್ಚಿಕೊಳ್ಳುತ್ತದೆ. ಸಣ್ಣದನ್ನು ಸೋಸುವುದು ಇಂಜಿನ್ ಮೇಲಿನ ಫಿಲ್ಟರಿನ ಕೆಲಸ. ಪ್ರೈಮರಿ ಫಿಲ್ಟರ್‌ಗೂ ಟ್ಯಾಂಕಿನಿಂದ ಡೀಸೆಲ್ ಎಳೆಯುವ ಲಿಫ್ಟ್ ಪಂಪ್‌ಗೂ ಮಧ್ಯೆ, ಆ ಎಳೆತ ಎಷ್ಟೆಂದು ತೋರಿಸುವ ವ್ಯಾಕ್ಯೂಮ್ ಗೇಜ್ ಹಾಕಿಸಿ. ಫಿಲ್ಟರ್ ಹೊಸದಿದ್ದಾಗ ಮುಳ್ಳು ಎಲ್ಲಿತ್ತೆಂದು ಗುರುತು ಹಾಕಿಡಿ. ಅಲ್ಲಿಂದ ಮೇಲೇರುತ್ತಿದ್ದರೆ ಇಂಜಿನ್ ಕೆಮ್ಮುವ ಮೊದಲೇ ನಿಮಗೆ ಗೊತ್ತಾಗುತ್ತದೆ.

ಇಷ್ಟಾದರೂ ಒಮ್ಮೆ ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿ ಏರ್ ಹಿಡಿದರೆ ಆ ಏರ್ ತೆಗೆಯುವುದು ನಿಮ್ಮ ಕೈಗೆ ಅಭ್ಯಾಸವಾಗಿರಬೇಕು. ಟ್ಯಾಂಕ್ ಕಡೆಯಿಂದ ಶುರುಮಾಡಿ: ಪ್ರೈಮರಿ ಫಿಲ್ಟರ್, ಇಂಜಿನ್ ಫಿಲ್ಟರ್, ಇಂಜೆಕ್ಷನ್ ಪಂಪ್, ಕೊನೆಗೆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳ ನಟ್ಟುಗಳು. ಪ್ರೈಮರಿ ಫಿಲ್ಟರ್‌ಗೆ ಡೀಸೆಲ್ ತುಂಬಿಸಿ. ಇಂಜಿನ್ ಫಿಲ್ಟರ್, ಇಂಜೆಕ್ಷನ್ ಪಂಪ್‌ಗಳಲ್ಲಿ ಏರ್ ಹೊರಬಿಡುವ ಬ್ಲೀಡ್ ಸ್ಕ್ರೂ ಅರ್ಧ ಸುತ್ತು ಸಡಿಲಿಸಿ, ಲಿಫ್ಟ್ ಪಂಪಿನ ಸನ್ನೆಯನ್ನು ಬೆರಳಿಂದ ಒತ್ತುತ್ತಾ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಕಾಯಿರಿ. ಇಂಜೆಕ್ಟರ್ ನಟ್ಟು ಸಡಿಲಿಸಿದಾಗ ಮಾತ್ರ ಸ್ಟಾರ್ಟರ್ ಹೊಡೆದು ಏರ್ ತೆಗೆಯಬೇಕು. ಈ ಸ್ಕ್ರೂಗಳ ತಾಮ್ರದ ವಾಷರುಗಳನ್ನು ಬದಲಿಸಲು ಹೊಸವು ಜೊತೆಗಿರಲಿ, ಹಳೆಯವು ಏರ್ ಎಳೆಯಬಹುದು. ಇಲ್ಲೊಂದು ದೊಡ್ಡ ಅಪಾಯ ಅನೇಕರ ಗಮನಕ್ಕೆ ಬರುವುದಿಲ್ಲ. ಇಂಜಿನ್ ಹತ್ತದೆ ಸ್ಟಾರ್ಟರ್ ಹೊಡೆಯುತ್ತಲೇ ಇದ್ದರೆ ತಂಪಿಗೆ ಎಳೆಯುವ ಸಮುದ್ರದ ನೀರು ಎಕ್ಸಾಸ್ಟ್‌ನಲ್ಲಿ ತುಂಬಿ, ಹಿಂದಕ್ಕೆ ಸಿಲಿಂಡರಿಗೇ ನುಗ್ಗಬಹುದು. ಬಹಳ ಹೊತ್ತು ಸ್ಟಾರ್ಟರ್ ಹೊಡೆಯಬೇಕಾದರೆ ನೀರಿನ ವಾಲ್ವ್ ಮುಚ್ಚಿ, ಇಂಜಿನ್ ಹತ್ತಿದ ತಕ್ಷಣ ತೆರೆಯಿರಿ. ತೆರೆಯಲು ಮರೆತರೆ ನೀರಿನ ಪಂಪಿನೊಳಗೆ ತಿರುಗುವ ರಬ್ಬರ್ ಇಂಪೆಲ್ಲರ್ ಸುಟ್ಟುಹೋಗುತ್ತದೆ, ಆದ್ದರಿಂದ ವಾಲ್ವ್ ಹತ್ತಿರ ಒಬ್ಬರು ನಿಂತಿರಲಿ.

ದೀರ್ಘ ಯಾನಕ್ಕೆ ಪ್ರೈಮರಿ ಫಿಲ್ಟರಿನೊಳಗೆ ಬದಲಿಸುವ ಎಲಿಮೆಂಟ್ ಒಂದು ಡಜನ್, ಇಂಜಿನ್ ಫಿಲ್ಟರ್ ಅರ್ಧ ಡಜನ್ ಇಟ್ಟುಕೊಳ್ಳಿ. ಯಾರ್ಡ್‌ಗೆ ಹಣ ಕೊಡುವ ಮುಂಚೆ ಮುಚ್ಚಳ ತೆರೆದಿರುವಾಗಲೇ ಹೋಗಿ ಟಾರ್ಚ್ ಬಿಟ್ಟು ಪ್ರತಿ ಕೋಣೆಯ ಮೂಲೆಯನ್ನೂ ನೋಡಿ, ಹೋಗಲಾಗದಿದ್ದರೆ ಫೋಟೋ ಕೇಳಿ. ಆಮೇಲೆ ಟ್ಯಾಂಕಿನಲ್ಲಿ ಕಾಲು ಭಾಗ ಡೀಸೆಲ್ ಇಟ್ಟು, ಅಲೆ ಇರುವ ದಿನ ತೀರದ ಹತ್ತಿರವೇ ಮೂರ್ನಾಲ್ಕು ಗಂಟೆ ಇಂಜಿನ್ ಓಡಿಸಿ, ಗೇಜಿನ ಮುಳ್ಳನ್ನೂ ಫಿಲ್ಟರ್ ಬಟ್ಟಲಿನ ತಳವನ್ನೂ ಗಮನಿಸುತ್ತಿರಿ. ಬಟ್ಟಲಲ್ಲಿ ನೀರಾಗಲಿ ಕಪ್ಪು ಚೂರಾಗಲಿ ಕಂಡರೆ ಹೊರಡುವ ದಿನ ಮುಂದೂಡಿ, ಮುಚ್ಚಳವನ್ನು ಮತ್ತೆ ತೆರೆಸಿ.