ಗೋಡೆಯಿಲ್ಲದ ಹಾಲ್‌ಗೆ ಎರಡು ಸಬ್‌ವೂಫರ್: ಶಿರಸಿಯ ಮಳೆಗಾಲಗಳನ್ನು ದಾಟಿದ ಮೇಲೆ ಬರೆದ ವಿಮರ್ಶೆ

ನಮ್ಮ ಮನೆಯಲ್ಲಿ ಎಸ್‌ವಿಎಸ್ ಕಂಪನಿಯ ಪಿಬಿ-1000 ಪ್ರೊ ಸಬ್‌ವೂಫರ್ (ಸಿನಿಮಾ, ಹಾಡಿನ ತಗ್ಗು ಸ್ವರಗಳನ್ನು, ಅಂದರೆ ಬೇಸ್ ಅನ್ನು ಮಾತ್ರ ನುಡಿಸುವ ಸ್ಪೀಕರ್) ಎರಡಿವೆ. ಮೊದಲು ಒಂದು ತಂದಿದ್ದೆ, ಸ್ವಲ್ಪ ಕಾಲ ಬಿಟ್ಟು ಇನ್ನೊಂದು. ಕೊಂಡ ಹೊಸತರಲ್ಲಿ ವಿಮರ್ಶೆ ಬರೆಯಬೇಡ, ಶಿರಸಿಯ ಮಳೆ ತಿಂದು ಹೇಗಿರುತ್ತದೆ ನೋಡಿ ಬರೆ ಅಂತ ಗೆಳೆಯರು ಹೇಳಿದ್ದರು. ಈಗ ಕೆಲವು ಮಳೆಗಾಲ ಕಳೆದಿವೆ. ಸಬ್ ಚೆನ್ನಾಗಿದೆ, ಕೊಟ್ಟ ದುಡ್ಡಿಗೆ ಬೇಸರವಿಲ್ಲ. ಆದರೆ ಇವತ್ತು ನಮ್ಮ ಹಾಲ್‌ನಲ್ಲಿ ಕೇಳುವ ಬೇಸ್‌ನಲ್ಲಿ ಕಂಪನಿಯ ಪಾಲಿಗಿಂತ ಇಟ್ಟ ಜಾಗದ ಪಾಲು ಜಾಸ್ತಿ. ಹಾಗಾಗಿ ಇಲ್ಲಿ ಬರೆಯುವುದರಲ್ಲೂ ಅದೇ ಜಾಸ್ತಿ.

ಮೊದಲು ಮನೆ ಹೇಗಿದೆ ಅಂತ ಹೇಳಬೇಕು. ಹಳೇ ಹಂಚಿನ ಮನೆ, ಚಿರೆಕಲ್ಲಿನ ಗೋಡೆ, ರೆಡಾಕ್ಸೈಡ್ ನೆಲ. ಹಾಲ್ 22 ಅಡಿ ಉದ್ದ, 14 ಅಡಿ ಅಗಲ. ಮಾಡು ಇಳಿಜಾರು, ಸರಾಸರಿ 11 ಅಡಿ ಎತ್ತರ ಅಂತ ಇಟ್ಟುಕೊಳ್ಳಿ. ಟಿವಿ ಇರುವುದು 14 ಅಡಿಯ ಗೋಡೆಗೆ. ಸೋಫಾ ಅಲ್ಲಿಂದ 15 ಅಡಿ ದೂರ. ಸೋಫಾದ ಹಿಂದೆ ಗೋಡೆಯೇ ಇಲ್ಲ. ಊಟದ ಜಾಗಕ್ಕೆ ನೇರ ತೆರೆದುಕೊಳ್ಳುತ್ತದೆ. ಅಲ್ಲಿಂದಲೇ ಮೆತ್ತಿಗೆ (ಮೇಲಿನ ಅಂತಸ್ತಿಗೆ) ಹತ್ತುವ ಮರದ ಏಣಿ, ಪಕ್ಕದಲ್ಲಿ ಅಡುಗೆಮನೆ ಬಾಗಿಲು.

ಸಬ್ ಆರಿಸುವಾಗ ಬಹಳ ಜನ ಹಾಲ್‌ನ ಅಳತೆ ಮಾತ್ರ ಹಿಡಿಯುತ್ತಾರೆ. ನಮ್ಮ ಹಾಲ್ ಸುಮಾರು 3,400 ಘನ ಅಡಿ. ಆದರೆ ಬೇಸ್ ಸೋಫಾ ಹತ್ತಿರ ಬಂದು ನಿಲ್ಲುವುದಿಲ್ಲ ಅಲ್ವಾ? ಊಟದ ಜಾಗದ 1,850 ಘನ ಅಡಿ ಸೇರಿಸಿದರೆ 5,200 ದಾಟುತ್ತದೆ. ಮೆತ್ತಿಗೆ ಹೋಗುವ ಗಾಳಿ ಬೇರೆ. ಗಾಳಿ ಎಲ್ಲಿವರೆಗೆ ಅಡ್ಡಿಯಿಲ್ಲದೆ ಓಡಾಡುತ್ತದೋ ಅಲ್ಲಿವರೆಗೂ ಅದು ಸಬ್‌ನ ಕೋಣೆಯೇ. ಬಾಗಿಲು ಹಾಕಿಕೊಳ್ಳಲು ಬಂದರೆ ಮಾತ್ರ ಆ ಜಾಗ ಲೆಕ್ಕದಿಂದ ಬಿಡಬಹುದು.

ಪೋರ್ಟ್ ಇರುವ, ಅಂದರೆ ಗಾಳಿ ಹೋಗಿಬರುವ ತೂತಿರುವ (ಪೋರ್ಟೆಡ್) ಡಬ್ಬಿ ತೆಗೆದುಕೊಂಡಿದ್ದಕ್ಕೂ ಇದೇ ಕಾರಣ. ತೂತಿಲ್ಲದ ಸೀಲ್ಡ್ ಸಬ್‌ನ ಶಬ್ದ ಕೆಳಗಿನ ಸ್ವರಗಳಲ್ಲಿ ನಿಧಾನವಾಗಿ, ಆಕ್ಟೇವಿಗೆ (ಕಂಪನದ ವೇಗ ಅರ್ಧವಾದಾಗಲೆಲ್ಲ) ಸುಮಾರು 12 ಡೆಸಿಬೆಲ್‌ನಂತೆ ಇಳಿಯುತ್ತದೆ. ಡೆಸಿಬೆಲ್ ಅಂದರೆ ಶಬ್ದದ ಜೋರಿನ ಅಳತೆ. ಪೋರ್ಟೆಡ್ ತನ್ನ ಟ್ಯೂನಿಂಗ್‌ವರೆಗೆ (ಪೋರ್ಟ್ ಅನ್ನು ಹೊಂದಿಸಿದ ಸ್ವರದವರೆಗೆ) ಗಟ್ಟಿಯಾಗಿ ಹೋಗಿ, ಅದರ ಕೆಳಗೆ ಆಕ್ಟೇವಿಗೆ 24 ಡೆಸಿಬೆಲ್‌ನಂತೆ ಕಡಿದು ಬೀಳುತ್ತದೆ. ಚಿಕ್ಕ, ಮುಚ್ಚಿದ ಕೋಣೆಯಲ್ಲಿ ತೀರಾ ಕೆಳಗಿನ ಸ್ವರಗಳನ್ನು ಕೋಣೆಯೇ ಎತ್ತಿಕೊಡುತ್ತದೆ, ಸೀಲ್ಡ್ ಸಬ್‌ನ ಇಳಿತಕ್ಕೆ ಅದು ಸರಿಹೊಂದುತ್ತದೆ. ತೆರೆದ ಕೋಣೆಯಲ್ಲಿ ಆ ಸಹಾಯ ಅಷ್ಟಾಗಿ ಸಿಗುವುದಿಲ್ಲ. ಅದರ ಮೇಲೆ ನಮ್ಮದು ಹಂಚು. ಗಾರೆ ಸ್ಲ್ಯಾಬ್ ಬೇಸ್ ಅನ್ನು ವಾಪಸ್ ಕೊಡುತ್ತದೆ, ಹಂಚು ಹೊರಗೆ ಬಿಟ್ಟುಬಿಡುತ್ತದೆ.

ಕಾರವಾರದ ಕೋಡಿಬಾಗದಲ್ಲಿ ನನ್ನ ಗೆಳೆಯನ ಫ್ಲಾಟ್ ಇದೆ. 16 ಅಡಿ, 12 ಅಡಿಯ ಹಾಲ್, ನಾಲ್ಕೂ ಕಡೆ ಕಾಂಕ್ರೀಟ್, ಬಾಗಿಲು ಹಾಕಿದರೆ ಡಬ್ಬಿ ಮುಚ್ಚಿದ ಹಾಗೆ. ಅವನ ಹತ್ತಿರ ಇದೇ ಕಂಪನಿಯ ಸೀಲ್ಡ್ ಮಾದರಿ ಎಸ್‌ಬಿ-1000 ಪ್ರೊ ಒಂದೇ ಒಂದು ಇದೆ. ಅಲ್ಲಿ ಎದೆಗೆ ಒತ್ತುವಷ್ಟು ಬೇಸ್ ಬರುತ್ತದೆ. ಒಂದು ಸಲ ಅದನ್ನೇ ಘಟ್ಟ ಹತ್ತಿಸಿ ನಮ್ಮ ಮನೆಗೆ ತಂದು ಹಚ್ಚಿದೆವು. ಅದೇ ಸಬ್, ಅದೇ ಸಿನಿಮಾ. ನಮ್ಮಲ್ಲಿ ಕೆಳಗಿನ ಬೇಸ್ ಅರ್ಧಕ್ಕೂ ಉಳಿಯಲಿಲ್ಲ. ಊರಿನ ಶೋರೂಮ್‌ನ ಮುಚ್ಚಿದ ಡೆಮೊ ಕೋಣೆಯಲ್ಲಿ ಕೇಳಿ ತೀರ್ಮಾನಿಸುವವರು ಇದನ್ನು ನೆನಪಿಡಬೇಕು. ಸಾಧ್ಯವಾದರೆ ಎರವಲು ತಂದು ನಿಮ್ಮ ಮನೆಯಲ್ಲೇ ಕೇಳಿ.

ವ್ಯಾಟ್ ವಿಷಯ ಚುಟುಕಾಗಿ ಹೇಳುತ್ತೇನೆ. ಪಿಬಿ-1000 ಪ್ರೊದಲ್ಲಿ 12 ಇಂಚಿನ ಡ್ರೈವರ್, 325 ವ್ಯಾಟ್ ಆರ್‌ಎಂಎಸ್ (ನಿರಂತರವಾಗಿ ಕೊಡುವ ಶಕ್ತಿ) ಆಂಪ್ಲಿಫೈಯರ್. ಪೆಟ್ಟಿಗೆ ಮೇಲೆ 800ಕ್ಕಿಂತ ಜಾಸ್ತಿ ಪೀಕ್ (ಕ್ಷಣಮಾತ್ರದ) ವ್ಯಾಟ್ ಅಂತ ಕಾಣುತ್ತದೆ, ಅದನ್ನು ನೋಡಬೇಡಿ. ವ್ಯಾಟ್ ಎರಡು ಪಟ್ಟು ಮಾಡಿದರೂ ಸಿಗುವುದು 3 ಡೆಸಿಬೆಲ್ ಮಾತ್ರ. ಇನ್ನೊಂದು ಸಬ್ ಸೇರಿಸಿ, ಎರಡೂ ಹೆಜ್ಜೆ ಹೊಂದಿಸಿ ನುಡಿದರೆ 6 ಡೆಸಿಬೆಲ್‌ವರೆಗೆ ಸಿಗುತ್ತದೆ. ಕೆಳಗಿನ ಸ್ವರಗಳಿಗೆ ಬೇಕಾಗುವುದು ಗಾಳಿ ತಳ್ಳುವ ಶಕ್ತಿ. 40 ಹರ್ಟ್ಸ್‌ನಿಂದ (ಸೆಕೆಂಡಿಗೆ 40 ಕಂಪನ) 20ಕ್ಕೆ ಇಳಿದರೆ, ಅಷ್ಟೇ ಜೋರು ಬರಲು ನಾಲ್ಕು ಪಟ್ಟು ಗಾಳಿ ತಳ್ಳಬೇಕು. ನಮ್ಮ ಕಿವಿಗೂ 20 ಹರ್ಟ್ಸ್ ಬರೀ ಕೇಳಿಸಲಿಕ್ಕೇ 70 ಡೆಸಿಬೆಲ್‌ಗಿಂತ ಜಾಸ್ತಿ ಬೇಕು. ಆದ್ದರಿಂದ ತೆರೆದ ಹಾಲ್‌ಗೆ ಚಿಕ್ಕ ಸಬ್ ಸಾಲದು, ಎಷ್ಟೇ ವ್ಯಾಟ್ ಬರೆದಿರಲಿ.

ಈಗ ಜಾಗದ ವಿಷಯ. ಒಂದೇ ಸಬ್ ಇದ್ದಾಗ ಅದು ಟಿವಿ ಗೋಡೆಯ ಬಲ ಮೂಲೆಯಲ್ಲಿತ್ತು. ಜಾಗ ಹುಡುಕಲು ಒಂದು ಹಳೇ ಉಪಾಯ ಇದೆ. ಸಬ್ ಅನ್ನು ನಾವು ಕೂರುವ ಸೋಫಾದ ಮೇಲೆ ಇಡಬೇಕು. ಬೇಸ್ ಇರುವ ಒಂದೇ ತುಣುಕನ್ನು ಮತ್ತೆ ಮತ್ತೆ ಹಚ್ಚಬೇಕು. ನಾವು ನೆಲದ ಮೇಲೆ ಅಂಬೆಗಾಲಿಟ್ಟು ಗೋಡೆಗುಂಟ ಸಾಗಬೇಕು. ಎಲ್ಲಿ ಬೇಸ್ ತುಂಬಿಯೂ ಸ್ಪಷ್ಟವಾಗಿಯೂ ಕೇಳುತ್ತದೋ ಅಲ್ಲಿ ಸಬ್ ಇಡಬಹುದು. ಇದು ತಮಾಷೆಯಂತೆ ಕಂಡರೂ ಭೌತವಿಜ್ಞಾನಕ್ಕೆ ಸರಿಯಾಗಿದೆ. ಸಬ್ ಮತ್ತು ಕಿವಿ ಜಾಗ ಬದಲಿಸಿಕೊಂಡರೂ ಕೋಣೆ ಮಾಡುವ ಏರಿಳಿತ ಅದೇ.

ನಮ್ಮಲ್ಲಿ ಆ ಮೂಲೆಯೇ ಜೋರಾಗಿ ಬಂತು. ಮೂಲೆ ಅಂದರೆ ಎರಡು ಗೋಡೆ, ಒಂದು ನೆಲ. ಮೂರೂ ಸೇರಿ ಶಬ್ದವನ್ನು ಕೋಣೆಯ ಕಡೆಗೇ ತಳ್ಳುತ್ತವೆ. ತೆರೆದ ಹಾಲ್‌ನಲ್ಲಿ ಇಂಥ ಗಟ್ಟಿ ಮೂಲೆ ಒಂದೋ ಎರಡೋ ಇರುತ್ತದೆ, ಅದನ್ನು ಬಳಸಿಕೊಳ್ಳಬೇಕು. ಆದರೆ ಒಂದು ತೊಂದರೆ ಉಳಿಯಿತು. ಸೋಫಾದ ತುದಿಗಳಲ್ಲಿ ಕೂತವರಿಗೆ ಬೇಸ್ ಗುಮ್ಮೆನ್ನುತ್ತಿತ್ತು, ನಡುವೆ ಕೂತವರಿಗೆ ಅದೇ ಪೆಟ್ಟು ಟೊಳ್ಳು.

ಇದರ ಹಿಂದಿನ ಲೆಕ್ಕ ಸುಲಭ. ಎದುರುಬದುರು ಗೋಡೆಗಳ ನಡುವೆ ಅರ್ಧ ಅಲೆ ಕೂರುವಾಗ ಆ ಸ್ವರ ಅಲ್ಲೇ ನಿಂತುಬಿಡುತ್ತದೆ. 14 ಅಡಿ ಅಂದರೆ 4.27 ಮೀಟರ್. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಅದನ್ನು ಅಗಲದ ಎರಡು ಪಟ್ಟಿನಿಂದ ಭಾಗಿಸಿದರೆ ನಮ್ಮ ಹಾಲ್‌ನ ಅಗಲಕ್ಕೆ 40 ಹರ್ಟ್ಸ್ ಬರುತ್ತದೆ. ಈ ಸ್ವರ ಗೋಡೆ ಹತ್ತಿರ ಉಬ್ಬುತ್ತದೆ, ಸರಿ ನಡುವೆ ಬತ್ತುತ್ತದೆ. ಉಬ್ಬಿದ್ದನ್ನು ಈಕ್ವಲೈಸರ್‌ನಲ್ಲಿ (ಒಂದೊಂದು ಸ್ವರದ ಜೋರನ್ನು ಬೇರೆಯಾಗಿ ಏರಿಸಿ ಇಳಿಸುವ ಸಾಧನ) ತಗ್ಗಿಸಬಹುದು. ಬತ್ತಿದ್ದನ್ನು ತುಂಬಿಸಲು ಬರುವುದಿಲ್ಲ. ಅಲ್ಲಿ ಎಷ್ಟು ಸುರಿದರೂ ಅಲೆಗಳು ಒಂದನ್ನೊಂದು ಕಡಿದುಕೊಳ್ಳುತ್ತವೆ, ಆಂಪ್ಲಿಫೈಯರ್ ಸುಮ್ನೆ ಬಿಸಿಯಾಗುತ್ತದೆ.

ಎರಡನೇ ಸಬ್ ತಂದಿದ್ದು ಇದಕ್ಕಾಗಿ, ಜೋರು ಮಾಡಲಿಕ್ಕಲ್ಲ. ಹಾರ್ಮನ್ ಕಂಪನಿಯ ಟಾಡ್ ವೆಲ್ಟಿ 2002ರಲ್ಲಿ ಇದರ ಬಗ್ಗೆ ಒಂದು ಪ್ರಬಂಧ ಮಂಡಿಸಿದರು. ಎದುರುಬದುರು ಗೋಡೆಗಳ ನಡುಮಧ್ಯೆ ಎರಡು ಸಬ್, ಇಲ್ಲವೇ ನಾಲ್ಕು ಗೋಡೆಗಳ ಮಧ್ಯೆ ನಾಲ್ಕು ಇಟ್ಟರೆ ಎಲ್ಲ ಸೀಟಿಗೂ ಬೇಸ್ ಹತ್ತಿರ ಹತ್ತಿರ ಒಂದೇ ಥರ ಬರುತ್ತದೆ ಅಂತ ಅವರು ತೋರಿಸಿದರು. ಆದರೆ ಅವರ ಲೆಕ್ಕ ಆಯತಾಕಾರದ, ಮುಚ್ಚಿದ ಕೋಣೆಗೆ. ನಮ್ಮಲ್ಲಿ ಹಿಂದಿನ ಗೋಡೆಯೇ ಇಲ್ಲ. ಹಾಗಾಗಿ ಆ ಚಿತ್ರವನ್ನು ಹಾಗೇ ನಕಲು ಮಾಡದೆ, ಅದರ ಹಿಂದಿನ ತತ್ವ ಮಾತ್ರ ಹಿಡಿದೆ. ಒಂದು ಸಬ್ ಬಲ ಗೋಡೆಗೆ ಇದ್ದರೆ ಇನ್ನೊಂದು ಎಡ ಗೋಡೆಗೆ. ಆಗ ಅಗಲದ ಆ 40 ಹರ್ಟ್ಸ್ ಅನ್ನು ಒಂದು ತಳ್ಳಿದರೆ ಇನ್ನೊಂದು ಎಳೆಯುತ್ತದೆ, ಉಬ್ಬು ತಗ್ಗುತ್ತದೆ.

ಎಡ ಗೋಡೆಯಲ್ಲಿ ಎಲ್ಲಿ? ನಾನು ಆರಿಸಿದ್ದು ಸೋಫಾದ ಪಕ್ಕ, ಸ್ವಲ್ಪ ಹಿಂದೆ. ತೆರೆದ ಮನೆಯವರಿಗೆ ನಾನು ಒತ್ತಿ ಹೇಳುವ ಮಾತು ಇದೇ. ಒಂದು ಸಬ್ ಕಿವಿಗೆ ಹತ್ತಿರ ಇರಲಿ. ಹತ್ತಿರದ ಸಬ್‌ನಿಂದ ನೇರ ಶಬ್ದ ಜಾಸ್ತಿ ಬರುತ್ತದೆ, ಕೋಣೆ ತಿನ್ನುವುದು ಕಡಿಮೆ. ವಾಲ್ಯೂಮ್ ಕಡಿಮೆ ಸಾಕು, ಅಡುಗೆಮನೆಗೂ ಪಕ್ಕದ ಮನೆಗೂ ಕಡಿಮೆ ಹೋಗುತ್ತದೆ. ಸೋಫಾದ ಹಲಗೆಯಲ್ಲಿ ಸಣ್ಣ ನಡುಕ ಸಿಗುವುದು ಇನ್ನೊಂದು ಲಾಭ.

ಆದರೆ ಎರಡು ಸಬ್‌ಗಳ ದೂರ ಬೇರೆ ಬೇರೆ ಆದರೆ ಸಮಯ ಹೊಂದಿಸಲೇಬೇಕು. ನಮ್ಮಲ್ಲಿ ಮೂಲೆಯ ಸಬ್ 16 ಅಡಿ, ಪಕ್ಕದ್ದು 6 ಅಡಿ. 10 ಅಡಿ ದಾಟಲು ಶಬ್ದಕ್ಕೆ ಸುಮಾರು 9 ಮಿಲಿಸೆಕೆಂಡ್ ಬೇಕು. ಹಾಗೇ ಬಿಟ್ಟರೆ 56 ಹರ್ಟ್ಸ್ ಆಸುಪಾಸಿನಲ್ಲಿ ಒಂದರ ಏರು ಇನ್ನೊಂದರ ಇಳಿವಿಗೆ ಸರಿಯಾಗಿ ಬಂದು ಬೀಳುತ್ತದೆ. ಡೋಲಿನ ಪೆಟ್ಟಿನ ಜೀವ ಇರುವುದೇ ಆ ಜಾಗದಲ್ಲಿ. ಎರಡು ಸಬ್ ತಂದೂ ಬೇಸ್ ಕಡಿಮೆಯಾಯಿತು ಅಂತ ದೂರುವವರಲ್ಲಿ ಬಹುತೇಕರ ಕಾರಣ ಇದೇ ಇರುತ್ತದೆ. ಸಬ್‌ನ ಫೇಸ್ (ಅಲೆಯ ಏರಿಳಿತದ ಹೆಜ್ಜೆ) ತಿರುಗಿಸಿದರೆ ಒಂದು ಸ್ವರಕ್ಕೆ ಸರಿಹೋಗುತ್ತದೆ, ಉಳಿದವಕ್ಕೆ ಇಲ್ಲ. ಹತ್ತಿರದ ಸಬ್ ಅನ್ನು ಅಷ್ಟೇ ಮಿಲಿಸೆಕೆಂಡ್ ತಡ ಮಾಡಬೇಕು.

ಇಲ್ಲಿ ರಿಸೀವರ್ (ಎಲ್ಲ ಸ್ಪೀಕರ್‌ಗಳಿಗೂ ಶಬ್ದ ಹಂಚುವ ಪೆಟ್ಟಿಗೆ) ಕೊಳ್ಳುವಾಗಲೇ ಕೇಳಬೇಕಾದ ಪ್ರಶ್ನೆ ಒಂದಿದೆ. ಹಿಂದೆ ಎರಡು ಸಬ್ ಔಟ್ ಇದ್ದರೆ ಸಾಲದು. ಎಷ್ಟೋ ಮಾದರಿಗಳಲ್ಲಿ ಎರಡರಲ್ಲೂ ಬರುವುದು ಒಂದೇ ಸಿಗ್ನಲ್. ಎರಡಕ್ಕೂ ಬೇರೆ ಬೇರೆ ದೂರ, ಬೇರೆ ಮಟ್ಟ ಕೊಡಲು ಬರುತ್ತದಾ ಅಂತ ಕೇಳಿ. ಬರದಿದ್ದರೆ ನಡುವೆ ಒಂದೊಂದು ಸಬ್‌ಗೂ ಬೇರೆ ತಡ, ಬೇರೆ ಮಟ್ಟ ಕೊಡುವ ಮಿನಿಡಿಎಸ್‌ಪಿ 2x4 ಎಚ್‌ಡಿ ಥರದ ಪೆಟ್ಟಿಗೆ ಹಾಕಬಹುದು. ನಾನು ಅದನ್ನೇ ಹಾಕಿದ್ದೇನೆ. ಅಳೆಯಲು ಯುಮಿಕ್-1 ಮೈಕ್ ಮತ್ತು ಉಚಿತವಾಗಿ ಸಿಗುವ ಆರ್‌ಇಡಬ್ಲ್ಯೂ ಸಾಫ್ಟ್‌ವೇರ್. ಮೊಬೈಲ್ ಮೈಕ್ ನಂಬಬೇಡಿ, ಬಹುತೇಕ ಫೋನ್‌ಗಳು ಕೆಳಗಿನ ಬೇಸ್ ಅನ್ನು ಸರಿಯಾಗಿ ಹಿಡಿಯುವುದಿಲ್ಲ. ಅಳತೆ ಮಾಡಿ ತಡ ಕೊಟ್ಟು, ಹತ್ತಿರದ ಸಬ್‌ನ ಮಟ್ಟ ಇಳಿಸಿ, ಉಳಿದ ಉಬ್ಬುಗಳನ್ನು ಕತ್ತರಿಸಿದ ಮೇಲೆ ಸೋಫಾದ ತುದಿಗೂ ನಡುವಿಗೂ ಇದ್ದ ಅಂತರ ಬಹಳ ತಗ್ಗಿತು. ಈಗ ಯಾರು ಎಲ್ಲಿ ಕೂತರೂ ಒಂದೇ ಸಿನಿಮಾ ನೋಡುತ್ತಾರೆ. ಇದು ನನಗೆ ಕೊಟ್ಟ ಖುಷಿ ದೊಡ್ಡದು.

ಕ್ರಾಸ್‌ಓವರ್ (ಯಾವ ಸ್ವರದ ಕೆಳಗಿನದ್ದು ಸಬ್‌ಗೆ ಹೋಗಬೇಕು ಅನ್ನುವ ಗಡಿ) 80 ಹರ್ಟ್ಸ್‌ಗೆ ಇಟ್ಟಿದ್ದೇನೆ. ಹತ್ತಿರದಲ್ಲಿ ಸಬ್ ಇಟ್ಟುಕೊಂಡು 120ಕ್ಕೆ ಏರಿಸಿದರೆ ಗಂಡಸರ ದನಿಯ ಬುಡ ಎಡ ಪಕ್ಕದಿಂದ ಬಂದಂತೆ ಕೇಳುತ್ತದೆ. ಸಿನಿಮಾದ 5.1 ಶಬ್ದದಲ್ಲಿ ಆ 'ಪಾಯಿಂಟ್ ಒಂದು' ಅನ್ನುವ ಪ್ರತ್ಯೇಕ ಬೇಸ್ ಚಾನಲ್‌ನ ಮಿತಿ ಮಾತ್ರ 120ರಲ್ಲೇ ಇರಲಿ, ಅದು ಬೇರೆ ಲೆಕ್ಕ. ಕ್ರಾಸ್‌ಓವರ್ ಪರೀಕ್ಷೆಗೆ ನಾನು ಸ್ಫೋಟದ ದೃಶ್ಯ ಹಚ್ಚುವುದಿಲ್ಲ, ಯಕ್ಷಗಾನದ ಒಳ್ಳೆ ರೆಕಾರ್ಡಿಂಗ್ ಹಚ್ಚುತ್ತೇನೆ. ಚಂಡೆ ಸಬ್‌ಗೆ ಹೆಚ್ಚು ಕೆಲಸ ಕೊಡುವುದಿಲ್ಲ. ಮದ್ದಲೆಯ ಎಡದ ನಾದ ಕೊಡುತ್ತದೆ. ಹೊಂದಿಕೆ ಸರಿಯಿಲ್ಲದಿದ್ದರೆ ಆ ನಾದ ಉಬ್ಬಿ ಭಾಗವತರ ಪದದ ಮೇಲೆ ಕೂರುತ್ತದೆ. ಸರಿಯಿದ್ದರೆ ಪೆಟ್ಟು ಕೇಳಿ ತಕ್ಷಣ ನಿಲ್ಲುತ್ತದೆ. ಇಲ್ಲಿ ಹುಟ್ಟಿ ಬೆಳೆದವರ ಕಿವಿಗೆ ಇದಕ್ಕಿಂತ ಒಳ್ಳೆ ಅಳತೆಗೋಲು ಇಲ್ಲ.

ಮಳೆಗಾಲದಲ್ಲಿ ಒಂದು ವಿಷಯ ಗಮನಿಸಿದೆ. ಹಂಚಿನ ಮೇಲೆ ಜಡಿಮಳೆ ಬಿದ್ದಾಗ ಮಾತು ಕೇಳುವುದಿಲ್ಲ ಅಂತ ವಾಲ್ಯೂಮ್ ಏರಿಸುತ್ತೇವೆ. ಮಳೆಯ ಸದ್ದು ಮುಚ್ಚುವುದು ಮಾತಿನ ವ್ಯಂಜನಗಳನ್ನು, ಬೇಸ್ ಅನ್ನು ಅಷ್ಟಾಗಿ ಅಲ್ಲ. ಹಾಗಾಗಿ ಏರಿಸಿದಾಗ ಬೇಸ್ ಮಾತ್ರ ವಿಪರೀತ ಆಗುತ್ತದೆ. ಈ ಸಬ್‌ನ ಆ್ಯಪ್‌ನಲ್ಲಿ ಪ್ರಿಸೆಟ್ ಉಳಿಸಿಕೊಳ್ಳಬಹುದು. ಮಳೆಗೆಂದೇ ಸ್ವಲ್ಪ ಇಳಿಸಿದ ಒಂದು ಪ್ರಿಸೆಟ್ ಇಟ್ಟಿದ್ದೇನೆ. ಸೋಫಾದಿಂದ ಏಳದೆ ಫೋನಿನಲ್ಲೇ ಬದಲಿಸಲು ಬರುವುದು ಈ ಮಾದರಿಯಲ್ಲಿ ನನಗೆ ತುಂಬಾ ಹಿಡಿಸಿದ ಅಂಶ.

ಥಂಡಿ ಇನ್ನೊಂದು. ಜುಲೈನಲ್ಲಿ ರೆಡಾಕ್ಸೈಡ್ ನೆಲ ಬೆವರುತ್ತದೆ, ಡಬ್ಬಿಯ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ನೀರು ಕುಡಿದರೆ ಉಬ್ಬುತ್ತದೆ. ಎರಡೂ ಸಬ್ ಹಲಸಿನ ಹಲಗೆಯ ಮೇಲಿವೆ, ಕೆಳಗೆ ರಬ್ಬರ್, ಗೋಡೆಯಿಂದ ಒಂದು ಗೇಣು ದೂರ. ಇದುವರೆಗೆ ಡಬ್ಬಿಯ ಮೂಲೆ ಬಾಯಿ ಬಿಟ್ಟಿಲ್ಲ. ಮಳೆಗಾಲ ಪೂರ್ತಿ ಆಫ್ ಮಾಡಿ ಇಡಬೇಡಿ. ಸ್ಟ್ಯಾಂಡ್‌ಬೈನ ಸಣ್ಣ ಬಿಸಿ ಒಳಗಿನ ಬೋರ್ಡನ್ನು ಸ್ವಲ್ಪವಾದರೂ ಒಣಗಿಸಿಡಬಹುದು. ಹಳೇ ಸಬ್ ಕೊಳ್ಳುವವರು ಕೋನ್‌ನ ಅಂಚು ಫೋಮ್‌ನದ್ದಾ ರಬ್ಬರ್‌ನದ್ದಾ ನೋಡಿ. ನಮ್ಮ ಹವೆಯಲ್ಲಿ ಫೋಮ್ ಪುಡಿಯಾಗುತ್ತದೆ. ಕಾರವಾರದ ಗೆಳೆಯನಿಗೆ ಸಮುದ್ರದ ಉಪ್ಪು ಗಾಳಿಯ ಕಾಟ. ಪಿನ್‌ಗಳನ್ನು ಆಗಾಗ ಕಿತ್ತು, ಒರೆಸಿ, ಮತ್ತೆ ಸಿಕ್ಕಿಸುತ್ತಾನೆ. ಪೋರ್ಟ್ ಇರುವ ಡಬ್ಬಿಗೆ ಕಣಜದ ಮಣ್ಣಿನ ಗೂಡು, ಜಿರಲೆ ಎರಡೂ ಬರುತ್ತವೆ. ಬಹಳ ದಿನ ಹಚ್ಚದಿದ್ದರೆ ಒಳಗೆ ಟಾರ್ಚ್ ಹಾಕಿ ನೋಡಿ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮಾತ್ರ ಪ್ಲಗ್ ಕೀಳಲೇಬೇಕು. ಡಿಶ್‌ನ ಕೇಬಲ್ ಕೂಡ ಕೀಳಿ, ಸಿಡಿಲು ಅದರಿಂದಲೂ ಬರುತ್ತದೆ. ಸಬ್‌ನಿಂದ ಝುಂಯ್ ಅಂತ 50 ಹರ್ಟ್ಸ್ ಸದ್ದು ಬಂದರೆ ಮೊದಲು ಆ ಡಿಶ್ ಕೇಬಲ್ ತೆಗೆದು ನೋಡಿ, ಆಮೇಲೆ ಸಬ್ ಮತ್ತು ರಿಸೀವರ್ ಎರಡನ್ನೂ ಒಂದೇ ಬೋರ್ಡಿಗೆ ಹಾಕಿ. ಅರ್ತಿಂಗ್ ಪಿನ್ ಮುರಿಯುವ ಸಲಹೆ ಕೊಡುವವರಿದ್ದಾರೆ, ಅದನ್ನು ಖಂಡಿತ ಕೇಳಬೇಡಿ.

ಮನೆಯವರಿಗೆ ತೊಂದರೆ ಆಗಿದ್ದು ಪಾತ್ರೆಯಿಂದ. ಎರಡನೇ ಸಬ್ ಬಂದ ಹೊಸತರಲ್ಲಿ ಆಯಿ ಒಳಗಿಂದ ಕೂಗಿ, "ತಮ್ಮಾ, ಪಾತ್ರೆ ಸ್ಟ್ಯಾಂಡ್ ಕುಣಿತಾ ಇದ್ದು" ಅಂದಳು. ಆರ್‌ಇಡಬ್ಲ್ಯೂನಲ್ಲಿ 20ರಿಂದ 80 ಹರ್ಟ್ಸ್‌ವರೆಗೆ ನಿಧಾನವಾಗಿ ಏರುವ ಸ್ವರ ಹಚ್ಚಿ, ಮನೆಯೆಲ್ಲ ಓಡಾಡಿ, ನಡುಗುವ ಒಂದೊಂದನ್ನೂ ಹಿಡಿದೆವು. ಕಿಟಕಿ ಚಿಲಕ, ಶೋಕೇಸ್ ಗಾಜು, ಏಣಿಯ ಸಡಿಲ ಮೆಟ್ಟಿಲು. ಎಲ್ಲಕ್ಕೂ ಫೆಲ್ಟ್ ಚೂರು ಸಾಕಾಯಿತು. ಸಡಿಲ ಹಂಚನ್ನು ಬೇಸಿಗೆಯಲ್ಲಿ ಮಾಡಿಗೆ ಕೈಯಾಡಿಸುವಾಗ (ಹಂಚು ತೆಗೆದು ಮತ್ತೆ ಹೊದಿಸುವಾಗ) ಸರಿಮಾಡಿಸಿದೆವು.

ಎರಡಕ್ಕೆ ಈಗಲೇ ದುಡ್ಡು ಹೊಂದದಿದ್ದರೆ, ಒಂದೇ ದೊಡ್ಡ ಸಬ್‌ಗೆ ಪೂರ್ತಿ ಸುರಿಯಬೇಡಿ. 12 ಇಂಚಿನ ಒಂದು ಪೋರ್ಟೆಡ್ ಸಬ್ ತಂದು ಮೊದಲು ಸೋಫಾ ಪಕ್ಕದಲ್ಲೇ ಇಟ್ಟು ನೋಡಿ. ಇನ್ನೊಂದಕ್ಕೆ ವೈರ್ ಮಾತ್ರ ಈಗಲೇ ಎದುರಿನ ಗೋಡೆವರೆಗೆ ಎಳೆಸಿಡಿ. ಖಾಲಿ ಪೆಟ್ಟಿಗೆ, ಥರ್ಮೋಕೋಲ್ ಎರಡನ್ನೂ ಅಟ್ಟದ ಮೇಲೆ ಕಾಪಾಡಿ. ಸುಮಾರು 20 ಕಿಲೋ ಭಾರದ ವಸ್ತುವನ್ನು ರಿಪೇರಿಗೆ ಹುಬ್ಬಳ್ಳಿಗೋ ಬೆಂಗಳೂರಿಗೋ ಕಳಿಸುವ ದಿನ ಬಂದರೆ ಅವು ಬೇಕಾಗುತ್ತವೆ.